‘ಸ್ಯಾಂಕ್ಷನ್’ ಎಂದರೆ ಮಂಜೂರಾತಿಯೋ, ನಿರ್ಬಂಧವೋ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ

ನಾನು ಹತ್ತನೆಯ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ರಷ್ಯಾದ ಮೇಲೆ ಐರೋಪ್ಯ ಒಕ್ಕೂಟ ಹೇರಿದ ‘ಸ್ಯಾಂಕ್ಷನ್ಸ್’ ಕುರಿತ ಪತ್ರಿಕಾ ಸುದ್ದಿಯೊಂದನ್ನು ಕನ್ನಡಕ್ಕೆ ತರುವಂತೆ ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗ ‘ಐರೋಪ್ಯ ಒಕ್ಕೂಟವು ರಷ್ಯಾಕ್ಕೆ ಹೊಸ ಮಂಜೂರಾತಿ ನೀಡಿದೆ’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಕೊಟ್ಟೆ. ಮರುದಿನ ಅವನು ತನ್ನ ತಂದೆಯ ಮನೆ ಸಾಲಕ್ಕೆ ಬ್ಯಾಂಕಿನವರು ಕೊಟ್ಟ ಪತ್ರದ ಜೆರಾಕ್ಸ್ ಪ್ರತಿ ತಂದು ಮೇಜಿನ ಮೇಲಿಟ್ಟ. ತಲೆಬರಹದಲ್ಲಿ ದಪ್ಪಕ್ಷರದಲ್ಲಿ ‘ಸ್ಯಾಂಕ್ಷನ್ ಲೆಟರ್’ ಎಂದಿತ್ತು. ಆ ಪತ್ರ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರಂತೆ. ಎರಡೂ ಅರ್ಥಗಳು ನಿಘಂಟಿನಲ್ಲಿವೆ ಎಂದು ಹೇಳಿ ಸುಮ್ಮನಾಗಬಹುದಿತ್ತು, ಆದರೆ ಒಂದೇ ಪದ ಒಪ್ಪಿಗೆಯೂ ಶಿಕ್ಷೆಯೂ ಆದದ್ದು ಹೇಗೆ ಎಂಬುದನ್ನು ಅವನಿಗೆ ಸರಿಯಾಗಿ ತಿಳಿಸಬೇಕೆಂದಿದೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಅನುವಾದಕ

ಮೇಡಂ, ನಿಮ್ಮ ವಿದ್ಯಾರ್ಥಿ ತಾನು ಕೇಳಿ ಬೆಳೆದ ಅರ್ಥವನ್ನೇ ಬರೆದಿದ್ದಾನೆ. ಇದು ಲ್ಯಾಟಿನ್ ಮೂಲದ ಪದ. ‘ಸೇಂಟ್’, ‘ಸ್ಯಾಂಕ್ಚುಯರಿ’ ಎಂಬ ಪದಗಳೂ ಇದೇ ಬೇರಿನಿಂದ ಬಂದವು. ಮೀರಬಾರದ್ದೆಂದು ಪವಿತ್ರಗೊಳಿಸುವುದು, ಶಾಸನವಾಗಿ ಸ್ಥಿರಪಡಿಸುವುದು ಎಂಬುದು ಮೂಲದ ಭಾವ. ರೋಮನ್ನರ ಕಾನೂನಿನಲ್ಲಿ ಶಾಸನವನ್ನು ಮೀರಿದವರಿಗೆ ಏನು ದಂಡ ಎಂದು ಹೇಳುವ ಭಾಗಕ್ಕೇ ಈ ಹೆಸರಿತ್ತು. ಅಂದರೆ ಶಾಸನಕ್ಕೆ ಬಲ ಕೊಡುವ ಮುದ್ರೆಯೂ ಅದೇ, ಮೀರಿದವನ ಮೇಲೆ ಬೀಳುವ ಪೆಟ್ಟೂ ಅದೇ. 1713ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಆರನೆಯ ಚಾರ್ಲ್ಸ್ ತನ್ನ ವಂಶದ ಹೆಣ್ಣುಮಕ್ಕಳಿಗೂ ಉತ್ತರಾಧಿಕಾರ ದೊರೆಯಲೆಂದು ಹೊರಡಿಸಿದ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ನಲ್ಲಿ ಈ ಪದಕ್ಕೆ ರಾಜಶಾಸನ ಎಂಬುದಷ್ಟೇ ಅರ್ಥ. ಮುಂದೆ ಶಾಸನದ ಸಮ್ಮತಿಯ ಮುಖ ಒಂದು ದಾರಿ ಹಿಡಿಯಿತು, ದಂಡದ ಮುಖ ಇನ್ನೊಂದು ದಾರಿ ಹಿಡಿಯಿತು. ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಮೇಲೆ ದಂಡೆತ್ತಿ ಹೋದ ಇಟಲಿಯ ವಿರುದ್ಧ 1935ರಲ್ಲಿ ರಾಷ್ಟ್ರಗಳ ಸಂಘ ಕೈಗೊಂಡ ಆರ್ಥಿಕ ಕ್ರಮಗಳೂ, 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕ ನಮ್ಮ ಮೇಲೆ ಹೇರಿದವೂ ಎರಡನೆಯ ಬಗೆಯವು.

ಹುಡುಗನಿಗೆ ಇದನ್ನು ನಮ್ಮ ‘ಅಪ್ಪಣೆ’ಯ ಮೂಲಕ ತೋರಿಸಿ. ‘ಅಪ್ಪಣೆ ಕೊಡಿ, ಹೊರಡುತ್ತೇನೆ’ ಎಂದಾಗ ಅದು ಅನುಮತಿ. ‘ದೊರೆಯ ಅಪ್ಪಣೆಯಾಯಿತು, ತಲೆ ಹೋಯಿತು’ ಎಂದಾಗ ಅದು ಆಜ್ಞೆ. ಅಧಿಕಾರವುಳ್ಳವರ ಬಾಯಿಂದ ಬರುವ ಮಾತು ಎರಡೂ ಕಡೆ ಒಂದೇ.

ಕನ್ನಡಕ್ಕೆ ತರುವಾಗ ‘ನಿರ್ಬಂಧ’ ಎಂದು ಬರೆಯುವುದು ಉತ್ತಮ. ‘ದಿಗ್ಬಂಧನ’ ಎಂದು ಬರೆಯುವ ರೂಢಿಯೂ ಇದೆ; ಆದರೆ ಸಂಧ್ಯಾವಂದನೆಯ ದಿಗ್ಬಂಧದಂತೆ ಅದು ಎಲ್ಲ ದಿಕ್ಕುಗಳನ್ನೂ ಕಟ್ಟುವ ಮಾತಾದ್ದರಿಂದ, ಹಡಗುಗಳನ್ನೇ ತಡೆದು ನಿಲ್ಲಿಸುವಂಥ ಸಂದರ್ಭಕ್ಕೆ ಅದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ 2: ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಕನ್ನಡಿಗರ ಬಾಯಲ್ಲಿ ಈ ಪದ ಹೆಚ್ಚಾಗಿ ‘ಆಗು’ ಎಂಬ ಕ್ರಿಯಾಪದದ ಜೊತೆಗೆ ಬರುತ್ತದೆ: ಸಾಲ ಸ್ಯಾಂಕ್ಷನ್ ಆಯಿತು, ರಜೆ ಸ್ಯಾಂಕ್ಷನ್ ಆಗಿಲ್ಲ, ಪ್ಲಾನ್ ಸ್ಯಾಂಕ್ಷನ್ ಆಗಬೇಕು. ‘ಅವರ ಮೇಲೆ ಸ್ಯಾಂಕ್ಷನ್ ಹಾಕಿದರು’ ಎಂದು ಹಳ್ಳಿಯಲ್ಲಾಗಲಿ ಪೇಟೆಯಲ್ಲಾಗಲಿ ನಾನು ಕೇಳಿಲ್ಲ. ಕಚೇರಿಯ ಕಡತದಿಂದ ಮನೆಮಾತಿಗೆ ಇಳಿದದ್ದು ಒಪ್ಪಿಗೆಯ ಅರ್ಥ ಮಾತ್ರ. ವಿದ್ಯುತ್ ಬಿಲ್ಲಿನ ‘ಸ್ಯಾಂಕ್ಷನ್ಡ್ ಲೋಡ್’, ಇಲಾಖೆಗಳ ‘ಮಂಜೂರಾದ ಹುದ್ದೆ’ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ದಂಡದ ಅರ್ಥ ನಮಗೆ ಪತ್ರಿಕೆಗಳಲ್ಲಿ ಆಗಲೇ ‘ನಿರ್ಬಂಧ’ವಾಗಿ ತಲುಪುವುದರಿಂದ ಮೂಲ ಪದ ಕಿವಿಗೆ ಬೀಳುವುದೇ ಇಲ್ಲ.

ಆ ಪತ್ರ ಹುಡುಗನ ಕೈಯಲ್ಲೇ ಇರುವುದರಿಂದ ಇನ್ನೊಂದು ವಿಷಯವನ್ನೂ ತಿಳಿಸಿರಿ. ಸ್ಯಾಂಕ್ಷನ್ ಎಂದರೆ ಹಣ ಬಂತೆಂದಲ್ಲ. ಇಷ್ಟು ಮೊತ್ತವನ್ನು, ಇಷ್ಟು ಬಡ್ಡಿಗೆ, ಈ ಷರತ್ತುಗಳ ಮೇಲೆ ಕೊಡಲು ಒಪ್ಪಿದ್ದೇವೆ ಎಂಬ ಮಾತು ಅದು. ಕಾಗದಪತ್ರಗಳ ಪರಿಶೀಲನೆ, ಅಡಮಾನ ಎಲ್ಲ ಮುಗಿದ ಮೇಲೆ, ಪಾಯ, ಲಿಂಟಲ್, ತಾರಸಿ ಎಂದು ಕಟ್ಟಡ ಏರಿದಂತೆ ಕಂತು ಕಂತಾಗಿ ಹಣ ‘ರಿಲೀಸ್’ ಆಗುತ್ತದೆ. ಮಂಜೂರಾಯಿತೆಂಬ ಸಂತೋಷದಲ್ಲಿ ಮೇಸ್ತ್ರಿಗೆ ಮುಂಗಡದ ಮಾತು ಕೊಟ್ಟು, ಮೊದಲ ಕಂತು ತಡವಾಗಿ ಕೈಸಾಲ ಮಾಡಿದ ಎಷ್ಟೋ ಮಂದಿ ನನ್ನ ಮೇಜಿನ ಮುಂದೆ ಕುಳಿತಿದ್ದರು. ಈ ಎರಡು ಪದಗಳ ಅಂತರವನ್ನು ಮೊದಲೇ ಹೇಳಬೇಕಿತ್ತೆಂದು ನನಗೆ ಪ್ರತಿಸಲವೂ ಸಂಕಟವಾಗುತ್ತಿತ್ತು.

ಉತ್ತರ 3: ವಕೀಲ

ಇಂಗ್ಲಿಷಿನಲ್ಲಿ ಬಹುವಚನದಲ್ಲಿದ್ದು, ಮುಂದೆ ‘ಆನ್’ ಅಥವಾ ‘ಅಗೆನ್ಸ್ಟ್’ ಬಂದರೆ ಸಾಮಾನ್ಯವಾಗಿ ನಿರ್ಬಂಧ; ಏಕವಚನದಲ್ಲಿದ್ದು ‘ಫಾರ್’ ಬಂದರೆ ಮಂಜೂರಾತಿ. ಆದರೆ ಸುದ್ದಿಯಲ್ಲಿ ಶಿಕ್ಷೆಯ ವಾಸನೆಯಿದೆ ಎಂದ ಮಾತ್ರಕ್ಕೆ ಮೋಸಹೋಗಬಾರದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಮು ಮತ್ತು ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮುಗಳಲ್ಲಿ ಬರುವ ‘ಸ್ಯಾಂಕ್ಷನ್’ ಸರ್ಕಾರಿ ನೌಕರನಿಗೆ ಕೊಡುವ ಶಿಕ್ಷೆಯಲ್ಲ. ಅವನ ಮೇಲಿನ ಆರೋಪವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ಸಕ್ಷಮ ಪ್ರಾಧಿಕಾರ ಕೊಡಬೇಕಾದ ಪೂರ್ವಾನುಮತಿ. ‘ಪ್ರಾಸಿಕ್ಯೂಷನ್‌ಗೆ ಅನುಮತಿ’ ಎಂದು ಪತ್ರಿಕೆಗಳು ಬರೆಯುವುದು ಇದನ್ನೇ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಸೋಮವಾರ ಮೂರು ವಾಕ್ಯಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ಒಂದು ಸಾಲದ್ದು, ಒಂದು ರಷ್ಯಾದ್ದು, ಒಂದು ವಕೀಲರು ಹೇಳಿದ ಬಗೆಯದ್ದು. ಮೊದಲನೆಯದನ್ನು ಆ ಹುಡುಗನಿಂದಲೇ, ತಂದೆಯ ಹೆಸರೂ ಮೊತ್ತವೂ ಕಾಣದಂತೆ ಪತ್ರವನ್ನು ಮಡಚಿಟ್ಟು, ಓದಿಸುತ್ತೇನೆ.