ಸ್ಪ್ಯಾನಿಷ್‌ನ ‘ಅಬ್ಲಾರ್’ ಮತ್ತು ಇಂಗ್ಲಿಷ್‌ನ ‘ಫೇಬಲ್’: ಒಂದೇ ಬಳಗವೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಮಾತನಾಡುವುದಕ್ಕೆ ಆ ಭಾಷೆಯಲ್ಲಿ ‘ಅಬ್ಲಾರ್’ ಎನ್ನುತ್ತಾರೆ. ಮೊದಲಿಗೆ ಎಚ್ ಅಕ್ಷರ ಬರೆದರೂ ಉಚ್ಚರಿಸುವುದಿಲ್ಲ. ಫ್ರೆಂಚ್‌ನ ‘ಪಾರ್ಲೆ’, ಇಟಾಲಿಯನ್‌ನ ‘ಪರ್ಲಾರೆ’ ಪದಗಳಿಗೂ ಇದಕ್ಕೂ ಹೋಲಿಕೆಯೇ ಕಾಣುತ್ತಿಲ್ಲ. ಇದರ ಮೂಲ ಯಾವುದು? ಇಂಗ್ಲಿಷ್‌ನಲ್ಲಿ ಇದರ ಬಂಧುಗಳು ಇವೆಯೇ?

ಉತ್ತರ: ನಮಸ್ಕಾರ. ಶಿಷ್ಟ ಲ್ಯಾಟಿನ್‌ನಲ್ಲಿ ಮಾತನಾಡುವುದಕ್ಕೆ ‘ಲೋಕ್ವಿ’ ಎಂಬ ಕ್ರಿಯಾಪದವಿತ್ತು. ಇಂಗ್ಲಿಷ್‌ನ ‘ಎಲೊಕ್ವೆಂಟ್’ ಅದರಿಂದ ಬಂದದ್ದು. ಆದರೆ ಜನರ ಆಡುಮಾತಿನಲ್ಲಿ ಅದು ಉಳಿಯಲಿಲ್ಲ. ಫ್ರಾನ್ಸ್ ಮತ್ತು ಇಟಲಿಯ ಕಡೆ ಅದರ ಜಾಗಕ್ಕೆ ‘ಪರಬೊಲಾ’, ಅಂದರೆ ದೃಷ್ಟಾಂತ ಕಥೆ, ಎಂಬ ಪದದಿಂದ ಹುಟ್ಟಿದ ಕ್ರಿಯಾಪದ ಬಂದಿತು. ‘ಪಾರ್ಲಿಮೆಂಟ್’ ಆ ಕವಲಿಗೆ ಸೇರಿದ್ದು. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಮಾತ್ರ ‘ಫಾಬುಲಾ’, ಅಂದರೆ ಕಥೆ, ಎಂಬುದರಿಂದ ಬಂದ ‘ಫಾಬುಲಾರಿ’ ನೆಲೆಯೂರಿತು. ರೋಮನ್ ನಾಟಕಕಾರ ಪ್ಲಾಟಸ್‌ನ ಹಾಸ್ಯನಾಟಕಗಳ ಪಾತ್ರಗಳು ಕ್ರಿಸ್ತಪೂರ್ವ 2ನೇ ಶತಮಾನದ ಹೊತ್ತಿಗಾಗಲೇ ಈ ಪದವನ್ನು ಬಳಸುತ್ತವೆ. ನಡುವಿನ ‘ಉ’ಕಾರ ಸವೆದು ಅದು ಹಳೆಯ ಸ್ಪ್ಯಾನಿಷ್‌ನಲ್ಲಿ ‘ಫಬ್ಲಾರ್’ ಆಯಿತು. ಇಂಗ್ಲಿಷ್‌ನ ‘ಫೇಬಲ್’ ಮತ್ತು ‘ಫ್ಯಾಬುಲಸ್’ ಇದರ ನೇರ ಬಂಧುಗಳು. ‘ಫಾಬುಲಾ’ದ ಬೇರು ‘ಫಾರಿ’, ಅಂದರೆ ನುಡಿ. ಆದ್ದರಿಂದ ನುಡಿಯಲಾರದ ಕೂಸು ‘ಇನ್ಫೆಂಟ್’, ದೈವವು ನುಡಿದದ್ದು ‘ಫೇಟ್’. ನನಗೆ ಈ ಬಳಗದಲ್ಲಿ ಅತ್ಯಂತ ಪ್ರಿಯವಾದವು ಇವೆರಡೇ.

ಮರುಪ್ರಶ್ನೆ: ಹಾಗಾದರೆ ಮೊದಲ ‘ಫ’ಕಾರ ಎಲ್ಲಿ ಹೋಯಿತು, ಮೇಡಂ?

ಉತ್ತರ: ಹಳಗನ್ನಡದ ‘ಪಾಲ್’, ‘ಪುಲಿ’ಗಳು ‘ಹಾಲು’, ‘ಹುಲಿ’ಗಳಾದುದನ್ನು ಬಲ್ಲ ನಮಗೆ ಈ ಬದಲಾವಣೆ ಅಪರಿಚಿತವೇನಲ್ಲ. ಎರಡೂ ಭಾಷೆಗಳಿಗೆ ಸಂಬಂಧವಿಲ್ಲದಿದ್ದರೂ, ತುಟಿಯಲ್ಲಿ ಹುಟ್ಟುವ ಧ್ವನಿ ಸಡಿಲಗೊಂಡು ಬರಿಯ ಉಸಿರಾಗುವ ಕ್ರಿಯೆ ಎರಡರಲ್ಲೂ ನಡೆದಿದೆ. ನಮ್ಮ ಅನೇಕ ಊರುಗಳಲ್ಲಿ ‘ಹೋಗು’ ಎಂಬುದು ‘ಓಗು’ ಆಗಿರುವಂತೆ, ಸ್ಪ್ಯಾನಿಷ್‌ನಲ್ಲಿ ಆ ‘ಹ’ಕಾರವೂ ಬಹುಮಟ್ಟಿಗೆ ಬಿದ್ದುಹೋಗಿ ಬರಹದಲ್ಲಿ ಮಾತ್ರ ಉಳಿಯಿತು. ಸ್ಪೇನಿನ ಉತ್ತರ ಭಾಗದ ನೆರೆನುಡಿಯಾದ ಬಾಸ್ಕ್ ಭಾಷೆಯ ಪ್ರಭಾವವೇ ಇದಕ್ಕೆ ಕಾರಣವೆಂದು ಸ್ಪೇನಿನ ಭಾಷಾವಿದ್ವಾಂಸ ರಮೋನ್ ಮೆನೆಂದೆಸ್ ಪಿದಾಲ್ ವಾದಿಸಿದರು. ಆದರೆ ವಿದ್ವಾಂಸರೆಲ್ಲ ಅದನ್ನು ಒಪ್ಪುವುದಿಲ್ಲ. ಪೋರ್ಚುಗೀಸ್‌ನಲ್ಲಿ ಇಂದಿಗೂ ‘ಫಲಾರ್’ ಎಂದೇ ಇದೆ. ಇಂಗ್ಲಿಷ್ ತನ್ನ ಪದಗಳನ್ನು ಫ್ರೆಂಚ್‌ನಿಂದಲೂ ಲಿಖಿತ ಲ್ಯಾಟಿನ್‌ನಿಂದಲೂ ಪಡೆದುದರಿಂದ ಅಲ್ಲಿಯೂ ‘ಫ’ಕಾರ ಸುರಕ್ಷಿತವಾಗಿದೆ.

ಕಲಿಯುವವರಿಗೆ ಇದು ನಿಜಕ್ಕೂ ಉಪಯುಕ್ತ. ಹೊಗೆಯೆಂಬ ಅರ್ಥದ ‘ಊಮೊ’ ಪದದ ಎಚ್ ಜಾಗದಲ್ಲಿ ಎಫ್ ಇಟ್ಟು ನೋಡಿದರೆ ‘ಫ್ಯೂಮ್’ ಹೊಳೆಯುತ್ತದೆ. ನೂಲೆಂಬ ಅರ್ಥದ ‘ಈಲೊ’ದಲ್ಲಿ ‘ಫಿಲಮೆಂಟ್’ ಕಾಣುತ್ತದೆ. ಆದರೆ ಮನುಷ್ಯನೆಂಬ ಅರ್ಥದ ‘ಓಂಬ್ರೆ’ಗೆ ಈ ಉಪಾಯ ಸಲ್ಲದು, ಅದರ ಮೂಲವಾದ ಲ್ಯಾಟಿನ್ ‘ಹೋಮೊ’ದಲ್ಲಿಯೇ ಎಚ್ ಇತ್ತು.