ಹುಳಿ ವಾಸನೆ ಬರುತ್ತಿರುವ 16 ಮಿ.ಮೀ. ರೀಲುಗಳು, ಹಳೆಯ ವಿಡಿಯೊ ಕ್ಯಾಸೆಟ್‌ಗಳು: ಮೊದಲು ಏನು ಮಾಡಬೇಕು?

ಪ್ರಶ್ನೆ: ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಮ್ಮೂರಿನಲ್ಲಿ 1970ರ ದಶಕದಲ್ಲಿ ಹುಟ್ಟಿ, ಮನೆಮನೆಗೆ ಟಿ.ವಿ. ಬಂದ ಮೇಲೆ ತಾನಾಗಿಯೇ ನಿಂತುಹೋದ ಒಂದು ಚಿತ್ರಸಮಾಜವಿತ್ತು. ಅದರ ಕಾರ್ಯದರ್ಶಿಯಾಗಿದ್ದ ನನ್ನ ದೊಡ್ಡಪ್ಪ ಕಳೆದ ವರ್ಷ ತೀರಿಕೊಂಡರು. ಅವರ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ಅಡಿಕೆ ಚೀಲಗಳ ಹಿಂದೆ ಎರಡು ಕಬ್ಬಿಣದ ಟ್ರಂಕುಗಳು ಸಿಕ್ಕಿದವು. ಒಂದರಲ್ಲಿ 16 ಮಿ.ಮೀ.ನ 14 ರೀಲುಗಳಿವೆ. ದೊಡ್ಡ ಮೂರು ಡಬ್ಬಿಗಳ ಮೇಲೆ ಒಂದು ಕನ್ನಡ ಕಥಾಚಿತ್ರದ ಹೆಸರಿದೆ. ಉಳಿದ 11 ಚಿಕ್ಕ ರೀಲುಗಳು ದೊಡ್ಡಪ್ಪನೂ ಅವರ ಸ್ನೇಹಿತರೂ ಸೇರಿ ತೆಗೆದ ಕಪ್ಪು-ಬಿಳುಪು ಚಿತ್ರಗಳು: ರಥೋತ್ಸವ, ಬಯಲಾಟ, ಹೊಳೆಯ ನೆರೆ, ಶಾಲೆಯ ವಾರ್ಷಿಕೋತ್ಸವ. ಇನ್ನೊಂದು ಟ್ರಂಕಿನಲ್ಲಿ 6 ಯು-ಮ್ಯಾಟಿಕ್ (ವಿಎಚ್‌ಎಸ್‌ಗಿಂತ ದೊಡ್ಡ, ಹಳೆಯ ಬಗೆಯ ವಿಡಿಯೊ ಕ್ಯಾಸೆಟ್) ಮತ್ತು 22 ವಿಎಚ್‌ಎಸ್ ಕ್ಯಾಸೆಟ್‌ಗಳಿವೆ.

ನಾಲ್ಕು ಡಬ್ಬಿಗಳ ಮುಚ್ಚಳ ತೆಗೆದ ಕೂಡಲೇ ಉಪ್ಪಿನಕಾಯಿ ಹುಳಿತಂತಹ ವಾಸನೆ ಮೂಗಿಗೆ ಹೊಡೆಯಿತು. ಒಂದು ರೀಲನ್ನು ಎರವಲು ತಂದ ಪ್ರೊಜೆಕ್ಟರಿನಲ್ಲಿ ಓಡಿಸಲು ಹೋಗಿ, ಅಂಚಿನ ತೂತುಗಳು ನಾಲ್ಕು ಮೊಳದಷ್ಟು ಹರಿದವು, ತಪ್ಪು ನನ್ನದೇ. ಬಯಲಾಟದ ಎರಡು ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ನಗರದ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಮಾಡಿಕೊಟ್ಟ ಡಿವಿಡಿಯಲ್ಲಿ ಅರ್ಜುನನ ತಲೆಯ ಮೇಲಿನ ಕೇದಗೆಮುಂದಲೆ ಅರ್ಧಕ್ಕೇ ತುಂಡಾಗಿದೆ, ಗೆಜ್ಜೆ ಕಟ್ಟಿದ ಕಾಲೂ ಕಾಣುವುದಿಲ್ಲ. ಕೊನೆಕೊನೆಗೆ ಚಂಡೆಯ ಪೆಟ್ಟು ಒಂದು ಕಡೆ, ಸದ್ದು ಇನ್ನೊಂದು ಕಡೆ.

ವಾಸನೆ ಬಂದ ರೀಲುಗಳ ಕಥೆ ಮುಗಿಯಿತೇ? ಡಿಜಿಟಲ್ ಮಾಡಿಸಿದ ಮೇಲೆ ಮೂಲ ರೀಲುಗಳನ್ನು ಇಟ್ಟುಕೊಳ್ಳುವ ಅಗತ್ಯವಿದೆಯೇ? ಮನೆಯವರಿಗೆ ಅಟ್ಟ ಬೇಕಾಗಿದೆ. ಎಐ ಬಳಸಿ ಎಲ್ಲವನ್ನೂ ಬಣ್ಣದಲ್ಲಿ, 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 60 ಚೌಕಟ್ಟುಗಳಂತೆ (ಫ್ರೇಮ್) ಮಾಡಿಕೊಡುತ್ತೇನೆಂದು ನನ್ನ ತಂಗಿಯ ಮಗ ಹೇಳುತ್ತಿದ್ದಾನೆ. ಒಪ್ಪಬಹುದೇ?

ಉತ್ತರ: ಕತ್ತಲೆಕೋಣೆ

ಚೆನ್ನೈನ ಫಿಲ್ಮ್ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದವನಾಗಿ ಮೊದಲು ಒಂದು ವಿನಂತಿ: ಇನ್ನು ಒಂದು ರೀಲನ್ನೂ ಪ್ರೊಜೆಕ್ಟರಿಗೆ ಏರಿಸಬೇಡಿ. ಹಳೆಯ ಅಸಿಟೇಟ್ ಫಿಲ್ಮು ಉದ್ದಕ್ಕೂ ಅಡ್ಡಕ್ಕೂ ಕುಗ್ಗುತ್ತದೆ. ಕುಗ್ಗಿದ ತೂತುಗಳ ನಡುವಿನ ಅಂತರಕ್ಕೂ ಯಂತ್ರದ ಹಲ್ಲುಗಳ ನಡುವಿನ ಅಂತರಕ್ಕೂ ಹೊಂದದೆ ಫಿಲ್ಮು ಹರಿಯುತ್ತದೆ. ನಿಮ್ಮಲ್ಲಿ ಆದದ್ದು ಅದೇ. ಹಲ್ಲುಗಳಿಲ್ಲದೆ, ರಬ್ಬರ್ ಉರುಳೆಗಳ ಮೇಲೆ ಫಿಲ್ಮನ್ನು ಸಾಗಿಸುವ ಸ್ಕ್ಯಾನರುಗಳು ಇವೆ, ಕುಗ್ಗಿದ ರೀಲುಗಳನ್ನೂ ಅವು ಓದುತ್ತವೆ. ಆದ್ದರಿಂದ ವಾಸನೆ ಬಂದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ.

ಆ ವಾಸನೆ ಅಸಿಟಿಕ್ ಆಮ್ಲದ್ದು. ಫಿಲ್ಮಿನ ಆಧಾರವಾದ ಸೆಲ್ಯುಲೋಸ್ ಅಸಿಟೇಟ್ ತೇವ ಮತ್ತು ಸೆಖೆಯಲ್ಲಿ ಒಡೆಯುತ್ತಾ ಆಮ್ಲವನ್ನು ಬಿಡುತ್ತದೆ, ಹಾಗೆ ಬಿಟ್ಟ ಆಮ್ಲವೇ ಮುಂದಿನ ಒಡೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಹಾಲಿನ ಪಾತ್ರೆಗೆ ಬಿದ್ದ ಒಂದು ಹನಿ ಹುಳಿಯ ಹಾಗೆ. ಹೊಸ ಅಸಿಟೇಟ್ ಫಿಲ್ಮನ್ನು 21 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 50ರ ಆರ್ದ್ರತೆಯಲ್ಲಿ ಇಟ್ಟರೂ ಸುಮಾರು 40 ವರ್ಷಗಳಲ್ಲಿ ಈ ಹುಳಿತ ಆರಂಭವಾಗುತ್ತದೆಂಬುದು ಈ ಕ್ಷೇತ್ರದವರ ಲೆಕ್ಕ. ಮಲೆನಾಡಿನ ಮಳೆಗಾಲದ ಅಟ್ಟದಲ್ಲಿ, ಮುಚ್ಚಿದ ಕಬ್ಬಿಣದ ಡಬ್ಬಿಯಲ್ಲಿ, ಇಷ್ಟು ಕಾಲ ಹತ್ತು ರೀಲುಗಳು ವಾಸನೆಯಿಲ್ಲದೆ ಉಳಿದದ್ದೇ ನಿಮ್ಮ ಅದೃಷ್ಟ. ವಾಸನೆ ಬಂದ ನಾಲ್ಕನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಉಳಿದವುಗಳ ಡಬ್ಬಿಯೊಳಗೆ ಎ-ಡಿ ಪಟ್ಟಿಗಳೆಂಬ ಸಣ್ಣ ಕಾಗದದ ಪಟ್ಟಿಗಳನ್ನು ಇಟ್ಟು ನೋಡಬಹುದು. ನೀಲಿ ಪಟ್ಟಿ ಹಸಿರಿಗೂ ಮುಂದೆ ಹಳದಿಗೂ ತಿರುಗಿದಷ್ಟು ಆಮ್ಲ ಹೆಚ್ಚಿದೆಯೆಂದು ಅರ್ಥ. ಮೂಗಿಗೆ ತಿಳಿಯುವ ಮೊದಲೇ ಅದು ತಿಳಿಸುತ್ತದೆ.

ಬೆಂಕಿಯ ಭಯ ಬೇಡ. ಸುಲಭವಾಗಿ ಹೊತ್ತಿಕೊಳ್ಳುವುದು ನೈಟ್ರೇಟ್ ಫಿಲ್ಮು. 2003ರಲ್ಲಿ ಪುಣೆಯಲ್ಲಿ ಸುಟ್ಟುಹೋದ ನಮ್ಮ ದೇಶದ ಅತಿ ಹಳೆಯ ಚಿತ್ರಗಳು ಆ ಜಾತಿಯವು. 16 ಮಿ.ಮೀ. ಫಿಲ್ಮು ಮನೆಬಳಕೆಗೆಂದೇ 1923ರಲ್ಲಿ ಬಂದದ್ದರಿಂದ ಮೊದಲಿನಿಂದಲೂ ಅಸಿಟೇಟ್ ಮೇಲೆಯೇ ತಯಾರಾಯಿತು.

ಈಗ ಬಹಳ ಮುಖ್ಯವಾದ ಮಾತು. ಚಿಕ್ಕ ರೀಲುಗಳ ಮೊದಲ ಎರಡು ಅಡಿಯನ್ನು ಮಾತ್ರ ಬಿಚ್ಚಿ, ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ ನೋಡಿ. ತೂತುಗಳ ಸುತ್ತಲಿನ ಅಂಚು ಕಪ್ಪಾಗಿದ್ದು ಚಿತ್ರ ಮಾತ್ರ ಸಹಜವಾಗಿ ಕಂಡರೆ, ಅದು ಬಹುತೇಕ ರಿವರ್ಸಲ್ ಫಿಲ್ಮು. ಅಂದರೆ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ತೊಳೆದು ಬಂದು ಪರದೆಯ ಮೇಲೂ ಓಡಿದೆ. ಅದಕ್ಕೆ ನೆಗೆಟಿವ್ ಎಂಬುದೇ ಇಲ್ಲ, ಎರಡನೆಯ ಪ್ರತಿಯೂ ಇಲ್ಲ. ಅಂಚು ಪಾರದರ್ಶಕವಾಗಿದ್ದರೆ ಅದು ನೆಗೆಟಿವ್‌ನಿಂದ ತೆಗೆದ ಪ್ರಿಂಟಾಗಿರುವ ಸಾಧ್ಯತೆ ಹೆಚ್ಚು. ತೂತುಗಳು ಎರಡೂ ಬದಿಯಲ್ಲಿದ್ದರೆ ಮೂಕಿ. ಒಂದೇ ಬದಿಯಲ್ಲಿದ್ದರೆ ಇನ್ನೊಂದು ಬದಿಯಲ್ಲಿ ಧ್ವನಿಪಟ್ಟಿ ಇದೆಯೇ ನೋಡಿ.

ಕಥಾಚಿತ್ರದ ಮೂರು ಡಬ್ಬಿಗಳ ಹೆಸರನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರಕ್ಕೆ ತಿಳಿಸಿ. 1964ರಲ್ಲಿ ಆರಂಭವಾದ, ಪಿ.ಕೆ. ನಾಯರ್ ಅವರು ಡಬ್ಬಿ ಡಬ್ಬಿಯಾಗಿ ಕಟ್ಟಿ ಬೆಳೆಸಿದ ಆ ಸಂಸ್ಥೆ ಈಗ ಎನ್‌ಎಫ್‌ಡಿಸಿಯ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಭಾಗ. ಅವರಲ್ಲಿರುವ ಪ್ರತಿಗಿಂತ ನಿಮ್ಮ ಪ್ರಿಂಟಿನಲ್ಲಿ ಒಂದು ಹಾಡು ಹೆಚ್ಚಿರಬಹುದು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ, ಅದೂ ಯಾರದೋ ಅಟ್ಟದಲ್ಲಿ ಒಂದು ಕಾಲಕ್ಕೆ ಇದ್ದಿರಬೇಕೆಂದು ನನಗೆ ಆಗಾಗ ಅನಿಸುತ್ತದೆ. ಹಳೆಯ ಪ್ರಿಂಟುಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕದ ಲೆಕ್ಕದಲ್ಲಿ ಮಾರುತ್ತಿದ್ದ ಕಾಲವದು.

ಉತ್ತರ: ಟೇಪಿನ ಕಾಲದವ

ಕತ್ತಲೆಕೋಣೆಯವರ ಮಾತಿಗೆ ಒಂದು ತಿದ್ದುಪಡಿ. ಫಿಲ್ಮಿಗಿಂತ ಮೊದಲು ಕ್ಯಾಸೆಟ್‌ಗಳ ಕೆಲಸವಾಗಲಿ. ಕೆಟ್ಟುಹೋಗುತ್ತಿರುವ ಫಿಲ್ಮನ್ನಾದರೂ ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಯಂತ್ರವಿಲ್ಲದ ಕ್ಯಾಸೆಟ್ ಬರೀ ಪ್ಲಾಸ್ಟಿಕ್ ಡಬ್ಬಿ. ಸೋನಿ ಕಂಪನಿ 1971ರಲ್ಲಿ ಮಾರುಕಟ್ಟೆಗೆ ತಂದ ಯು-ಮ್ಯಾಟಿಕ್‌ನ ಯಂತ್ರಗಳೂ ಬಿಡಿಭಾಗಗಳೂ ಅವನ್ನು ರಿಪೇರಿ ಮಾಡಬಲ್ಲ ಕೈಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಗಾರವು 2015ರಲ್ಲೇ ಮ್ಯಾಗ್ನೆಟಿಕ್ ಟೇಪುಗಳಿಗೆ 2025ನೇ ಇಸವಿಯನ್ನು ಗಡುವೆಂದು ಸಾರಿತ್ತು. ನಾವು ಆ ಗಡುವನ್ನು ದಾಟಿದ್ದೇವೆ.

ಯಂತ್ರಕ್ಕೆ ಹಾಕುವ ಮೊದಲು ಪ್ರತಿ ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚಿಪ್ಪನ್ನು ಮುರಿದುಬಿಡಿ, ಯು-ಮ್ಯಾಟಿಕ್‌ನ ತಳದಲ್ಲಿರುವ ಕೆಂಪು ಗುಂಡಿಯನ್ನು ಕಿತ್ತುಬಿಡಿ. ಆಮೇಲೆ ಅದರ ಮೇಲೆ ಅಪ್ಪಿತಪ್ಪಿಯೂ ಮರುಮುದ್ರಣ ಆಗುವುದಿಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಪಂಚದ ಎಲ್ಲ ಕಡೆ ಟಿ.ವಿ.ಯವರು ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುತ್ತಿದ್ದರು. 1969ರಲ್ಲಿ ಚಂದ್ರನಿಂದ ಬಂದ ಅಪೊಲೊ 11ರ ಮೂಲ ಸಂಕೇತಗಳಿದ್ದ ಟೇಪುಗಳನ್ನೇ ನಾಸಾ ಮರುಬಳಕೆಗೆಂದು ಅಳಿಸಿತು. 2009ರಲ್ಲಿ ಸಂಸ್ಕರಿಸಿದ್ದು ಟಿ.ವಿ. ಪ್ರಸಾರಕ್ಕೆಂದು ಪರಿವರ್ತಿಸಿದ್ದ ಕೆಳದರ್ಜೆಯ ಪ್ರತಿಗಳನ್ನು.

ಯು-ಮ್ಯಾಟಿಕ್ ಟೇಪಿನಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗಿರಬಹುದು. ಯಂತ್ರದಲ್ಲಿ ಕಿರ್ರೆಂಬ ಸದ್ದು ಬಂದರೆ ತಕ್ಷಣ ನಿಲ್ಲಿಸಬೇಕು. ನಿಯಂತ್ರಿತ ಶಾಖದಲ್ಲಿ, ಸುಮಾರು 50 ಡಿಗ್ರಿಯಲ್ಲಿ, ಗಂಟೆಗಟ್ಟಲೆ ಒಣಗಿಸಿದರೆ ಕೆಲವು ವಾರಗಳ ಮಟ್ಟಿಗೆ ಅದು ಓಡುವ ಸ್ಥಿತಿಗೆ ಬರುತ್ತದೆ. ಇದನ್ನು ಅಡುಗೆಮನೆಯ ಓವನ್ನಿನಲ್ಲಿ ಮಾಡುವ ಸಾಹಸ ಬೇಡ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಸ್ವಚ್ಛ ಮಾಡದೆ ಹಾಕಿದರೆ ಆ ಬೂಷ್ಟು ಯಂತ್ರದ ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ.

ನಿಮ್ಮ ಡಿವಿಡಿಯ ವಿಚಾರ. ಹಳೆಯ ಟಿ.ವಿ. ಚಿತ್ರದ ಅಳತೆ 4:3. ಈಗಿನ ಅಗಲ ಪರದೆಯನ್ನು ತುಂಬಿಸುವ ಹಂಬಲದಲ್ಲಿ ಅಂಗಡಿಯವರು ಮೇಲೂ ಕೆಳಗೂ ಸೇರಿ ಚಿತ್ರದ ಕಾಲು ಭಾಗವನ್ನೇ ಕತ್ತರಿಸಿದ್ದಾರೆ. ಕೇದಗೆಮುಂದಲೆಯೂ ಗೆಜ್ಜೆಯೂ ಹೋದದ್ದು ಅಲ್ಲಿ. ಟೇಪಿನ ಸಂಕೇತದ ಅಲುಗಾಟವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣವಿಲ್ಲದೆ ದಾಖಲಿಸಿದರೆ, ಅಲುಗಾಡುವ ಸಂಕೇತದಲ್ಲಿ ಕಂಪ್ಯೂಟರು ಅಲ್ಲಲ್ಲಿ ಚೌಕಟ್ಟುಗಳನ್ನು ಬಿಟ್ಟುಬಿಡುತ್ತದೆ, ಹಾಗಾಗಿ ಚಂಡೆಯ ಸದ್ದು ಹೊತ್ತು ಹೋದಂತೆ ದೂರ ಸರಿಯುತ್ತದೆ. ಈ ಸಲ ಮೂರು ಷರತ್ತುಗಳನ್ನು ಬರೆದು ಕೊಡಿ: 4:3ರ ಪೂರ್ಣ ಚಿತ್ರ ಬೇಕು, ಸೆಕೆಂಡಿಗೆ 25 ಚೌಕಟ್ಟುಗಳನ್ನು 50 ಅರ್ಧ-ಚೌಕಟ್ಟುಗಳಾಗಿಯೇ ಉಳಿಸಬೇಕು, ಬೆಸೆಯಬಾರದು, ಮೂಲ ಪ್ರತಿ ಎಫ್‌ಎಫ್‌ವಿ1ನಂತಹ, ಏನನ್ನೂ ಕಳೆಯದ ಸಂಕುಚನದಲ್ಲಿರಬೇಕು. ಸಂಕುಚಿಸದಿದ್ದರೆ ಗಂಟೆಯ ವಿಡಿಯೊಗೆ ಸುಮಾರು 100 ಜಿ.ಬಿ. ಬೇಕಾಗುತ್ತದೆ, ಎಫ್‌ಎಫ್‌ವಿ1ನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆಗೆ ಇಳಿಯಬಹುದು.

ಉತ್ತರ: ನೆರಳುಬೆಳಕು

ತಂಗಿಯ ಮಗನ ಉತ್ಸಾಹವನ್ನು ಮುರಿಯುವ ಉದ್ದೇಶ ನನಗಿಲ್ಲ, ಆದರೆ ಅವರು ಹೇಳುತ್ತಿರುವುದು ಸಂಸ್ಕರಣೆಯಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಚಿತ್ರಮಂದಿರಗಳಿಗೆ ಬಂದವು, ಜನ ಮುಗಿಬಿದ್ದು ನೋಡಿದರು. ನಾನೂ ಅಮ್ಮನ ಜೊತೆ ಹೋಗಿ ನೋಡಿ ಸಂತೋಷಪಟ್ಟವಳೇ. ಆದರೆ ಅದು ಹಳೆಯ ಚಿತ್ರದ ಹೊಸ ಅವತಾರ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ದಾರಿ ಬೇರೆ. ಪುಣೆಯಲ್ಲಿ ಉಳಿದಿದ್ದ ಮೂಲ ಕ್ಯಾಮೆರಾ ನೆಗೆಟಿವನ್ನು ಇಟಲಿಯ ಬೊಲೊನ್ಯ ನಗರದ ಪ್ರಯೋಗಾಲಯದಲ್ಲಿ 4ಕೆಯಲ್ಲಿ ಸಂಸ್ಕರಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿ ತೆಗೆಯುವುದು ಗೀರು, ಧೂಳು, ಅಲುಗಾಟ, ಮಿನುಗನ್ನು. ಎಸ್. ರಾಮಚಂದ್ರ ಅವರು ಹಿಡಿದ ನೆರಳು-ಬೆಳಕು ಮೊದಲು ಪರದೆಗೆ ಬಂದಾಗ ಹೇಗಿತ್ತೋ ಹಾಗೆ ಕಾಣಬೇಕೆಂಬುದಷ್ಟೇ ಗುರಿ, ಅದಕ್ಕೆ ಫಿಲ್ಮಿನ ಕಾಳುಕಾಳಾದ ಮೈಯೂ ಸೇರಿದೆ.

ಸೆಕೆಂಡಿಗೆ 18 ಚೌಕಟ್ಟುಗಳಲ್ಲಿ ತೆಗೆದದ್ದನ್ನು 60 ಮಾಡಿದರೆ, ಪ್ರತಿ ಹತ್ತು ಚೌಕಟ್ಟುಗಳಲ್ಲಿ ಏಳು ಯಾವ ಕ್ಯಾಮೆರಾವೂ ಕಾಣದ ಚಿತ್ರಗಳಾಗುತ್ತವೆ. ರಥೋತ್ಸವದ ಜನಸಂದಣಿಯಲ್ಲಿ ಸಾಸಿವೆಕಾಳಿನಷ್ಟು ಕಾಣುವ ಮುಖವನ್ನು ಎಐ ‘ಸ್ಪಷ್ಟ’ಗೊಳಿಸಿದಾಗ ಬರುವುದು ನಿಮ್ಮೂರಿನವರ ಮುಖವಲ್ಲ, ಎಲ್ಲಿಯದೋ ಸಾವಿರ ಮುಖಗಳ ಸರಾಸರಿ. ಬಯಲಾಟದಲ್ಲಂತೂ ತೊಂದರೆ ಇನ್ನೂ ಹೆಚ್ಚು. ವೇಷಧಾರಿಯ ದಗಲೆ (ಮೇಲಂಗಿ) ಕೆಂಪೋ ಹಸಿರೋ ಎಂಬುದು ಪಾತ್ರದ ಸ್ವಭಾವಕ್ಕೆ ಸೇರಿದ ಸಂಗತಿ. ಬೂದುಬಣ್ಣದ ಚಿತ್ರದಲ್ಲಿ ಆ ಮಾಹಿತಿಯೇ ಇಲ್ಲವಾದ್ದರಿಂದ ಯಂತ್ರ ಊಹಿಸುತ್ತದೆ, ಐವತ್ತು ವರ್ಷದ ಬಳಿಕ ಯಾವನೋ ಸಂಶೋಧಕ ಆ ಊಹೆಯನ್ನೇ ಪುರಾವೆಯೆಂದು ಬರೆದುಬಿಡುತ್ತಾನೆ.

ಉತ್ತರ: ಟೇಪಿನ ಕಾಲದವ

ನೆರಳುಬೆಳಕು ಅವರೆ, ನಾನು ಅಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಸ್ಕ್ಯಾನ್ ಮಾಡಿಸಲು ಚಂದಾ ಎತ್ತಬೇಕಾದರೆ ಊರ ಜನ ಮೊದಲು ಏನಾದರೂ ನೋಡಬೇಕು. ಹುಡುಗ ಒಂದು ನಿಮಿಷದ ಬಣ್ಣದ ತುಣುಕು ಮಾಡಲಿ, ‘ಬಣ್ಣ ಊಹೆಯದು’ ಎಂದು ಚಿತ್ರದ ಮೇಲೆಯೇ ಬರೆಯಲಿ. ಮೂಲ ಸ್ಕ್ಯಾನಿನ ಕಡತವನ್ನು ಮಾತ್ರ ಯಾರೂ ಮುಟ್ಟದಿರಲಿ.

ತುಂಗೆಯ ದಡ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರ ಹತ್ತಿ ಕೈಗವಸು ಹಾಕಿಕೊಂಡು ಚಿಕ್ಕ ರೀಲುಗಳನ್ನು ನೋಡಿದೆ. 11ರಲ್ಲಿ 9ರ ಅಂಚು ಕಪ್ಪು. ಎರಡೂ ಬದಿಯಲ್ಲಿ ತೂತುಗಳಿವೆ. ಅಟ್ಟವನ್ನು ಬಿಟ್ಟುಕೊಡುವ ಮಾತಾಗಿದೆ, ರೀಲುಗಳನ್ನು ಎಸೆಯುವ ಮಾತು ಮುಗಿದಿದೆ. ಟ್ರಂಕಿನ ತಳದಲ್ಲಿ ದೊಡ್ಡಪ್ಪನ ಕೈಬರಹದ ಒಂದು ನೋಟುಪುಸ್ತಕವೂ ಸಿಕ್ಕಿತು. ಯಾವ ರೀಲು, ಯಾವ ದಿನ, ಎಷ್ಟು ಅಡಿ, ‘ವೇಗ 18’ ಎಂದೆಲ್ಲ ಇದೆ. ಆದರೆ ಹೊಳೆಯ ನೆರೆಯ ರೀಲು ಒಂದು ಸುತ್ತಿಗೆ ಇನ್ನೊಂದು ಸುತ್ತು ಅಂಟಿಕೊಂಡಿದೆ. ಒಂದು ಸುತ್ತನ್ನು ಎಳೆದಾಗ ಹಪ್ಪಳದ ಚೂರಿನಂತೆ ಚಿತ್ರದ ಪದರವೇ ಎದ್ದು ಬಂತು. ಗಾಬರಿಯಾಗಿ ನಿಲ್ಲಿಸಿದ್ದೇನೆ. ಶೇಖರಣೆಗೆ ಎಷ್ಟು ಜಾಗ ಬೇಕಾದೀತೆಂದೂ ತಿಳಿಸಿ.

ಉತ್ತರ: ಕತ್ತಲೆಕೋಣೆ

400 ಅಡಿಯ ರೀಲಿನಲ್ಲಿ 16,000 ಚೌಕಟ್ಟುಗಳಿರುತ್ತವೆ. 2ಕೆಯಲ್ಲಿ, ಚೌಕಟ್ಟಿಗೊಂದು ಡಿಪಿಎಕ್ಸ್ ಎಂಬ ಬಗೆಯ ಚಿತ್ರಕಡತದಂತೆ ಸ್ಕ್ಯಾನ್ ಮಾಡಿಸಿದರೆ ರೀಲಿಗೆ ಸುಮಾರು 200 ಜಿ.ಬಿ. ಆಗುತ್ತದೆ; 11 ರೀಲಿಗೆ 2 ಟಿ.ಬಿ.ಗಿಂತ ಸ್ವಲ್ಪ ಹೆಚ್ಚು. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಎರಡು ಬೇರೆ ಊರುಗಳಲ್ಲಿ ಇಡಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಿ. ‘ವೇಗ 18’ ಎಂಬ ಆ ಬರಹ ಬಂಗಾರ. ಅದಿಲ್ಲದಿದ್ದರೆ ರಥ ಎಳೆಯುವವರೆಲ್ಲ ಓಡುತ್ತಿರುವಂತೆ ಕಾಣುತ್ತಿದ್ದರು. ನೋಟುಪುಸ್ತಕವನ್ನೂ ಪುಟಪುಟವಾಗಿ ಸ್ಕ್ಯಾನ್ ಮಾಡಿಸಿ.

ನೆರೆಯ ರೀಲನ್ನು ಇನ್ನು ಬಿಚ್ಚಬೇಡಿ, ನೀರನ್ನಾಗಲಿ ಸ್ಪಿರಿಟ್ಟನ್ನಾಗಲಿ ತಾಕಿಸಬೇಡಿ. 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಯಲ್ಲಿ ಸುಟ್ಟು ಮುರುಟಿದ್ದ ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳ ನೆಗೆಟಿವ್‌ಗಳಿಗೂ ತೇವ ಹಾಯಿಸಿ ಮೆದುಗೊಳಿಸಿ, ತೂತುಗಳನ್ನು ಕೈಯಿಂದಲೇ ಕಟ್ಟಿ, ಉಳಿದಷ್ಟನ್ನು ಸ್ಕ್ಯಾನ್ ಮಾಡಿದರು. ಅದು ಅನುಭವಿಗಳ ಕೈಯಲ್ಲಿ ಆಗುವ ಕೆಲಸ. ರೀಲನ್ನು ಮಲಗಿಸಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮನೆಯ ಅತ್ಯಂತ ತಂಪಾದ, ಒಣಗಿದ ಕೋಣೆಯಲ್ಲಿ ಇಡಿ. ಎದ್ದು ಬಂದ ಚೂರನ್ನು ಎಸೆಯಬೇಡಿ. ಒಂದು ಕಾಗದದ ಲಕೋಟೆಗೆ ಹಾಕಿ, ಹೊರಗಿನಿಂದ ಎಷ್ಟನೆಯ ಸುತ್ತಿನದೆಂದು ಪೆನ್ಸಿಲ್ಲಿನಲ್ಲಿ ಬರೆದು, ಅದೇ ಡಬ್ಬಿಯ ಜೊತೆಗಿಡಿ.