ತೊಂದರೆ ಕಾಣದ ಸೋಂಕು, ಮುಚ್ಚಿಹೋದ ಗರ್ಭನಾಳ: ಸ್ತ್ರೀರೋಗ ತಜ್ಞೆಗೆ ಪ್ರಶ್ನೆಗಳು

ಗುಂಪಿನ ನಿರ್ವಾಹಕಿ: ಇಂದು ಸಂಜೆ ನಮ್ಮ ಗುಂಪಿನ ಸ್ತ್ರೀರೋಗ ತಜ್ಞೆಯವರು ಜನನಾಂಗದ ಸೋಂಕು ಮತ್ತು ಬಂಜೆತನದ ಬಗ್ಗೆ ಉತ್ತರಿಸಲು ಒಪ್ಪಿದ್ದಾರೆ. ಹೆಸರು ಬರೆಯಬೇಕಾಗಿಲ್ಲ, ಊರು ತಿಳಿಸಿದರೆ ಸಾಕು.

ದಾವಣಗೆರೆ: ಡಾಕ್ಟರಮ್ಮ, ನನಗೆ 29 ವರ್ಷ, ಮದುವೆಯಾಗಿ ನಾಲ್ಕು ವರ್ಷ. ಮುಟ್ಟು ಸರಿಯಾಗಿ ಆಗುತ್ತದೆ, ಯಜಮಾನರ ವೀರ್ಯ ಪರೀಕ್ಷೆಯೂ ಸರಿಯಿದೆ. ಎಚ್‌ಎಸ್‌ಜಿ ಎಂಬ ಗರ್ಭನಾಳದ ಎಕ್ಸ್‌ರೇ ಮಾಡಿಸಿದಾಗ ಬಲಗಡೆಯ ನಾಳ ಬುಡದಲ್ಲೇ ಮುಚ್ಚಿದೆ, ಎಡಗಡೆಯದು ನೀರು ತುಂಬಿ ಊದಿಕೊಂಡಿದೆ ಎಂದರು. ರಕ್ತದಲ್ಲಿ ಕ್ಲಮಿಡಿಯ ಐಜಿಜಿ ಪಾಸಿಟಿವ್ ಬಂದಿದ್ದಕ್ಕೆ ಮೂರು ತಿಂಗಳ ಮಾತ್ರೆ, ಗರ್ಭಕೋಶದ ಒಳಪದರದ ಟಿಬಿ ಪಿಸಿಆರ್ ಪಾಸಿಟಿವ್ ಬಂದಿದ್ದಕ್ಕೆ ಆರು ತಿಂಗಳ ಮಾತ್ರೆ ಬರೆದುಕೊಟ್ಟಿದ್ದಾರೆ. ನನಗೆ ಒಂದು ದಿನವೂ ಬಿಳಿಸೆರಗಾಗಲಿ, ಹೊಟ್ಟೆನೋವಾಗಲಿ, ಜ್ವರವಾಗಲಿ ಬಂದಿಲ್ಲ. ಏನೂ ಆಗದೆ ನಾಳ ಹೇಗೆ ಹಾಳಾಯಿತು?

ವೈದ್ಯೆ: ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ, ಏಕೆಂದರೆ ಇದರಲ್ಲಿ ಮೂರು ಬೇರೆಬೇರೆ ವಿಷಯಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ದೈಹಿಕ ಸಂಪರ್ಕದಿಂದ ಹರಡುವ ಕ್ಲಮಿಡಿಯ ಎಂಬ ಬ್ಯಾಕ್ಟೀರಿಯ ಗರ್ಭಕೋಶದ ಕೊರಳಿನ ಜೀವಕೋಶಗಳ ಒಳಗೇ ಸೇರಿ ಬೆಳೆಯುತ್ತದೆ, ಮತ್ತು ಅದು ತಗುಲಿದ ಹೆಂಗಸರಲ್ಲಿ 100ಕ್ಕೆ 70ರಷ್ಟು ಮಂದಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಅದು ಸದ್ದಿಲ್ಲದೆ ಗರ್ಭನಾಳಕ್ಕೆ ಏರುತ್ತದೆ. ನಾಳದ ಒಳಗೋಡೆಯಲ್ಲಿ ಅಂಡವನ್ನು ಗರ್ಭಕೋಶದ ಕಡೆಗೆ ಮೆಲ್ಲನೆ ಸಾಗಿಸುವ ಸೂಕ್ಷ್ಮ ರೋಮಗಳಿರುತ್ತವೆ. ದೇಹ ಸೋಂಕಿನೊಡನೆ ಸೆಣಸುವಾಗ ಆ ರೋಮಗಳೇ ನಾಶವಾಗಿ, ಗಾಯ ಮಾಗುವಾಗ ಗೋಡೆಗಳು ಅಂಟಿಕೊಂಡು, ತುದಿ ಮುಚ್ಚಿಹೋಗಿ, ಒಳಗೆ ನೀರು ನಿಲ್ಲುತ್ತದೆ. ಇಷ್ಟೆಲ್ಲ ಆಗುವಾಗಲೂ ಮುಟ್ಟು ತಪ್ಪುವುದಿಲ್ಲ, ಏಕೆಂದರೆ ಅಂಡಾಶಯಕ್ಕೆ ಏನೂ ಆಗಿರುವುದಿಲ್ಲ.

ಇನ್ನು ಐಜಿಜಿ. ಅದು ಎಂದೋ ಒಮ್ಮೆ ಆ ರೋಗಾಣು ದೇಹಕ್ಕೆ ಬಂದಿತ್ತು ಎಂಬುದರ ಗುರುತು ಮಾತ್ರ, ವರ್ಷಗಟ್ಟಲೆ ಉಳಿಯುತ್ತದೆ. ಶ್ವಾಸಕೋಶಕ್ಕೆ ತಗಲುವ ಬೇರೊಂದು ಕ್ಲಮಿಡಿಯದಿಂದಲೂ ಪಾಸಿಟಿವ್ ಆಗಬಹುದು. ಸೋಂಕು ಈಗಲೂ ಇದೆಯೇ ಎಂದು ತಿಳಿಯಬೇಕಾದರೆ ಯೋನಿಯ ಸ್ವಾಬ್ ತೆಗೆದು, ರೋಗಾಣುವಿನ ಜೀನನ್ನು ಹುಡುಕುವ ನಾಟ್ ಪರೀಕ್ಷೆ ಮಾಡಿಸಬೇಕು. ಇದ್ದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಏಳು ದಿನ ಸಾಕು, ಇಬ್ಬರಿಗೂ ಒಟ್ಟಿಗೆ. ಮೂರು ತಿಂಗಳು ನುಂಗಿದರೂ ಅಂಟಿಕೊಂಡ ನಾಳ ಬಿಡಿಸಿಕೊಳ್ಳುವುದಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಟಿಬಿ. ಕ್ಷಯದ ರೋಗಾಣು ಶ್ವಾಸಕೋಶದಿಂದ ರಕ್ತದ ಮೂಲಕ ಗರ್ಭನಾಳಕ್ಕೆ ಬಂದು ಇದೇ ರೀತಿ ಗುಟ್ಟಾಗಿ ಕೆಲಸ ಮಾಡುತ್ತದೆ, ನಮ್ಮ ದೇಶದಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಆದರೆ ಪಿಸಿಆರ್ ಸತ್ತ ರೋಗಾಣುವಿನ ಚೂರನ್ನೂ ಹಿಡಿಯುತ್ತದೆ, ಪ್ರಯೋಗಾಲಯದ ಕಲಬೆರಕೆಯನ್ನೂ ಹಿಡಿಯುತ್ತದೆ. ಅದೊಂದನ್ನೇ ನೆಚ್ಚಿ ಆರು ತಿಂಗಳ ಚಿಕಿತ್ಸೆ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ. ಅದೇ ಒಳಪದರದ ಮಾದರಿಯಲ್ಲಿ ಸಿಬಿನಾಟ್ ಎಂಬ ಟಿಬಿ ಪರೀಕ್ಷೆ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಮತ್ತು ಬಯಾಪ್ಸಿ ಮಾಡಿದ್ದಾರೆಯೇ? ಎಚ್‌ಎಸ್‌ಜಿಯಲ್ಲಿ ನಾಳ ಮಣಿ ಪೋಣಿಸಿದಂತೆ ಅಥವಾ ಬಿರುಸಾದ ಕೊಳವೆಯಂತೆ ಕಂಡಿದೆಯೇ? ಮುಟ್ಟಿನ ರಕ್ತ ಮೊದಲಿಗಿಂತ ಕಡಿಮೆಯಾಗಿದೆಯೇ? ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ? ಇವಕ್ಕೆ ಉತ್ತರ ಬರೆಯಿರಿ. ಬರೀ ರಿಪೋರ್ಟಿನ ಸಾಲುಗಳಲ್ಲ, ಎಚ್‌ಎಸ್‌ಜಿಯ ಫಿಲಂ ಕೂಡ ನಿಮ್ಮ ಬಳಿ ಇರಲಿ.

ತುಮಕೂರು: ಮೇಡಂ, ನನಗೂ ತೊಂದರೆ ಏನೂ ಇಲ್ಲ. ಮುಂಜಾಗ್ರತೆಗೆ ಅಜಿತ್ರೋಮೈಸಿನ್ ಒಂದು ಮಾತ್ರೆ ತೆಗೆದುಕೊಳ್ಳಲೇ?

ವೈದ್ಯೆ: ಬೇಡ. ಮೊದಲು ಪರೀಕ್ಷೆ.

ಶಿರಸಿ: ನನ್ನ ಓರಗಿತ್ತಿ ಕಳುಹಿಸಿದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: ಬೇವಿನ ಎಲೆ ಕುದಿಸಿದ ನೀರಿಗೆ ಪಟಿಕ ಹಾಕಿ 21 ದಿನ ಒಳಗೆ ತೊಳೆದುಕೊಂಡರೆ ಗರ್ಭನಾಳ ತೆರೆದುಕೊಳ್ಳುತ್ತದೆಯಂತೆ. ಅನೇಕರಿಗೆ ಫಲ ಸಿಕ್ಕಿದೆಯಂತೆ.

ವೈದ್ಯೆ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಗಳಿವೆ, ಅವು ಹುಳಿಯ ಅಂಶವನ್ನು ಕಾಪಾಡಿಕೊಂಡು ಕೆಟ್ಟ ರೋಗಾಣುಗಳನ್ನು ತಡೆಯುತ್ತವೆ. ಒಳಗೆ ನೀರು ಹಾಯಿಸಿ ತೊಳೆದರೆ ಆ ಕಾವಲು ಕೊಚ್ಚಿಹೋಗುತ್ತದೆ, ಕೊರಳಿನಲ್ಲಿರುವ ಸೋಂಕು ಮೇಲಕ್ಕೆ ಹೋಗಲು ದಾರಿಯಾಗುತ್ತದೆ. ಇಂಥದೇ ಸಂದೇಶವನ್ನು ನಂಬಿ ಎರಡು ವರ್ಷ ಕಳೆದ ಮೇಲೆ ಬಂದವರನ್ನು ನಾನು ಕಂಡಿದ್ದೇನೆ, ಆ ಎರಡು ವರ್ಷಗಳನ್ನು ಅವರಿಗೆ ಮರಳಿ ಕೊಡಲು ನನ್ನಿಂದ ಆಗಲಿಲ್ಲ.

ಶಿರಸಿ: ನಮ್ಮ ಅಜ್ಜಿಯರು ಇದನ್ನೇ ಮಾಡಿ ಎಂಟು ಹತ್ತು ಮಕ್ಕಳನ್ನು ಹೆತ್ತರು.

ವೈದ್ಯೆ: ಮಕ್ಕಳಾಗದ ಅಜ್ಜಿಯರೂ ಇದ್ದರು. ಅವರನ್ನು ಬಂಜೆ ಎಂದು ಕರೆದು ಅರಿಶಿನ ಕುಂಕುಮಕ್ಕೂ ಕರೆಯಲಿಲ್ಲ, ಅವರ ಕಥೆ ನಿಮ್ಮವರೆಗೆ ಬರಲಿಲ್ಲ ಅಷ್ಟೆ.

ಹಾಸನ: ಒಮ್ಮೆ ಸೋಂಕು ತಗುಲಿದರೆ ಮಕ್ಕಳಾಗುವುದೇ ಇಲ್ಲವೇ? ನನಗೆ ಕಳೆದ ವರ್ಷ ಚಿಕಿತ್ಸೆ ಆಗಿದೆ.

ವೈದ್ಯೆ: ಹೆದರಬೇಡಿ, ಬಹುಪಾಲು ಮಂದಿಗೆ ಆಗುತ್ತವೆ. ಸ್ವೀಡನ್ನಿನ ಲುಂಡ್‌ನಲ್ಲಿ ಕಿಬ್ಬೊಟ್ಟೆಯ ಸೋಂಕಾದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಸೋಂಕಾದವರಲ್ಲಿ 100ಕ್ಕೆ 8 ಮಂದಿಗೆ, ಎರಡು ಸಲವಾದವರಲ್ಲಿ ಸುಮಾರು 20 ಮಂದಿಗೆ, ಮೂರು ಅಥವಾ ಹೆಚ್ಚು ಸಲವಾದವರಲ್ಲಿ 40 ಮಂದಿಗೆ ನಾಳದ ತೊಂದರೆಯಿಂದ ಮಕ್ಕಳಾಗಲಿಲ್ಲ. ಆದ್ದರಿಂದಲೇ ಮರುಸೋಂಕು ತಡೆಯುವುದು ಮುಖ್ಯ. ಯಜಮಾನರಿಗೂ ಚಿಕಿತ್ಸೆ ಆಗಿದೆಯೇ? ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಿದ್ದೀರಾ?

ಹುಬ್ಬಳ್ಳಿ: ಇವೆಲ್ಲ ನಡತೆ ಸರಿಯಿಲ್ಲದವರಿಗೆ ಬರುವ ರೋಗಗಳು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಓದುವ ಗುಂಪಿನಲ್ಲಿ ಇದರ ಚರ್ಚೆ ಬೇಕಾಗಿರಲಿಲ್ಲ.

ಮೈಸೂರು: ಸ್ವಾಮಿ, ಮದುವೆಗೆ ಮೊದಲು ಗಂಡನಿಗೆ ತಗುಲಿದ್ದು ಹೆಂಡತಿಗೆ ಬಂದರೆ ಯಾರ ನಡತೆಯನ್ನು ತೂಗುತ್ತೀರಿ? ದಾವಣಗೆರೆಯ ತಂಗಿ ಇದನ್ನು ಓದುತ್ತಿದ್ದಾರೆ ಎಂಬ ಪರಿವೆಯಾದರೂ ಬೇಡವೇ?

ಹುಬ್ಬಳ್ಳಿ: ಗಂಡಸರ ಮೇಲೆ ಗೂಬೆ ಕೂರಿಸುವುದು ಸುಲಭ. ಅವರ ಯಜಮಾನರ ಪರೀಕ್ಷೆ ಸರಿಯಿದೆ ಎಂದು ಅವರೇ ಬರೆದಿದ್ದಾರೆ.

ಕಲಬುರಗಿ: ನಮಸ್ಕಾರ ಮೇಡಂ. ನನಗೂ ಒಂದು ನಾಳ ಮುಚ್ಚಿದೆ ಎಂದಿದ್ದರು. ಈಗ ಮುಟ್ಟು ಎರಡು ವಾರ ತಡವಾಗಿ ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಬಂದಿವೆ, ಬಹಳ ಸಂತೋಷವಾಗಿದೆ. ನಿನ್ನೆಯಿಂದ ಎಡಗಡೆ ಮಾತ್ರ ನೋವು, ಸ್ವಲ್ಪ ಕಲೆ ಕಾಣಿಸಿದೆ. ಇದು ಸಹಜವೇ?

ಮೈಸೂರು: ವೀರ್ಯ ಪರೀಕ್ಷೆ ಸೋಂಕಿನ ಪರೀಕ್ಷೆ ಅಲ್ಲ. ಓದಿ ಬರೆಯಿರಿ.

ಹುಬ್ಬಳ್ಳಿ: ನನಗೆ ಪಾಠ ಹೇಳುವ ಅಗತ್ಯ ಇಲ್ಲ.

ಕೋಲಾರ: ಮೇಡಂ, ಪಿಸಿಒಡಿ ಇರುವವರು ಏನು ಊಟ ಮಾಡಬೇಕು?

ವೈದ್ಯೆ: ಹುಬ್ಬಳ್ಳಿಯವರೇ, ಮೈಸೂರಿನವರು ಹೇಳಿದ್ದು ಸರಿ. ವೀರ್ಯಾಣುಗಳ ಎಣಿಕೆ ಚೆನ್ನಾಗಿದ್ದರೂ ಸೋಂಕು ಇರಬಹುದು, ಗಂಡಸರಲ್ಲೂ ಅರ್ಧದಷ್ಟು ಮಂದಿಗೆ ತೊಂದರೆ ಕಾಣುವುದಿಲ್ಲ. ಅವರಿಗೆ ಮೂತ್ರದ ಮೊದಲ ಭಾಗವನ್ನು ಹಿಡಿದು ನಾಟ್ ಪರೀಕ್ಷೆ ಮಾಡಬೇಕು. ಯಾರಿಂದ ಯಾರಿಗೆ, ಯಾವ ವರ್ಷ ಬಂತು ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಲಾರದು. ಟಿಬಿಯಂತೂ ಸಾಮಾನ್ಯವಾಗಿ ಹಾಸಿಗೆಯಿಂದ ಬರುವುದಲ್ಲ, ಉಸಿರಿನಿಂದ ಬರುತ್ತದೆ. ನಡತೆಯ ಮಾತು ಎತ್ತಿದರೆ ಹೆಂಗಸರು ಪರೀಕ್ಷೆಗೆ ಬರುವುದನ್ನೇ ನಿಲ್ಲಿಸುತ್ತಾರೆ, ನಾಳ ಹೋಗುವುದು ಆ ನಾಚಿಕೆಯ ವರ್ಷಗಳಲ್ಲೇ.

ಮಂಡ್ಯ: ಡಾಕ್ಟರೇ, ತೊಂದರೆ ಇಲ್ಲದಿದ್ದರೂ ಒಂದು ಕೋರ್ಸ್ ಮಾತ್ರೆ ತೆಗೆದುಕೊಂಡರೆ ಒಳ್ಳೆಯದಲ್ಲವೇ?

ವೈದ್ಯೆ: ಮೇಲೆ ಬರೆದಿದ್ದೇನೆ, ಓದಿ.

ಬೆಂಗಳೂರು: ಈ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುವುದಿಲ್ಲವೇ? ಅಲ್ಲಿ ಬಣ್ಣದ ಕಿಟ್ ಕೊಡುತ್ತಾರೆ ಎಂದು ಕೇಳಿದ್ದೇನೆ.

ವೈದ್ಯೆ: ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಸಲಹೆ ಮತ್ತು ಔಷಧಿ ಉಚಿತ. ಕೊರಳಿನ ಸ್ರಾವಕ್ಕೆ ಬೂದು ಬಣ್ಣದ ಕಿಟ್, ಕಿಬ್ಬೊಟ್ಟೆಯ ನೋವಿಗೆ ಹಳದಿ ಕಿಟ್. ಆದರೆ ಈ ಪದ್ಧತಿ ನಿಂತಿರುವುದೇ ರೋಗಲಕ್ಷಣದ ಮೇಲೆ, ಲಕ್ಷಣವಿಲ್ಲದ ಹೆಣ್ಣುಮಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲಿ ದೈಹಿಕ ಸಂಪರ್ಕವಿರುವ 25 ವರ್ಷದೊಳಗಿನ ಹೆಂಗಸರಿಗೆ ತೊಂದರೆ ಇಲ್ಲದಿದ್ದರೂ ಕ್ಲಮಿಡಿಯ ಪರೀಕ್ಷೆ ಮಾಡಲು ಸಲಹೆ ಇದೆ. ನಮ್ಮಲ್ಲಿ ನೀವೇ ಬಾಯಿಬಿಟ್ಟು ಕೇಳಬೇಕು.

ದಾವಣಗೆರೆ: ಡಾಕ್ಟರಮ್ಮ, ಕಲ್ಚರ್ ಮಾಡಿಲ್ಲ. ಮುಟ್ಟು ಕಡಿಮೆಯಾಗಿಲ್ಲ. ನಮ್ಮ ಮಾವನವರಿಗೆ ಆರು ವರ್ಷದ ಹಿಂದೆ ಕ್ಷಯಕ್ಕೆ ಚಿಕಿತ್ಸೆ ಆಗಿತ್ತು. ನೇರವಾಗಿ ಐವಿಎಫ್ (ಪ್ರನಾಳ ಶಿಶು) ಮಾಡಿಸಿ ಎನ್ನುತ್ತಿದ್ದಾರೆ.

ವೈದ್ಯೆ: ಆರು ವರ್ಷದ ಹಿಂದೆ ನಿಮ್ಮ ಮದುವೆಯಾಗಿರಲಿಲ್ಲ, ಆದರೂ ಈ ಮಾತನ್ನು ನಿಮ್ಮ ವೈದ್ಯರಿಗೆ ಹೇಳಿ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಲ್ಯಾಪರೋಸ್ಕೋಪಿ ಮಾಡಿಸಿಕೊಳ್ಳಿ, ನಾಳದ ಮೇಲೆ ಕ್ಷಯದ ಗಂಟುಗಳಿದ್ದರೆ ಕಣ್ಣಿಗೇ ಕಾಣುತ್ತವೆ, ಅಲ್ಲಿಂದಲೇ ಮಾದರಿ ತೆಗೆಯಬಹುದು. ಬಲಗಡೆ ಬುಡದಲ್ಲಿ ಮುಚ್ಚಿದೆ ಎಂದಿದ್ದು ಬರೀ ನಾಳದ ಸ್ನಾಯುವಿನ ಸೆಳೆತವೂ ಆಗಿರಬಹುದು, ಬಣ್ಣದ ದ್ರವ ಹಾಯಿಸಿದಾಗ ತಿಳಿಯುತ್ತದೆ. ಐವಿಎಫ್‌ಗೆ ಹೋಗುವುದಾದರೆ ಊದಿದ ಎಡನಾಳವನ್ನು ಮೊದಲು ತೆಗೆಸಿ ಅಥವಾ ಬುಡದಲ್ಲಿ ಮುಚ್ಚಿಸಿ. ಆ ನೀರು ಗರ್ಭಕೋಶಕ್ಕೆ ಸೋರುತ್ತಿದ್ದರೆ ಫಲ ಸಿಗುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದನ್ನು ಹೇಳದೆ ಹಣ ಕಟ್ಟಿಸಿಕೊಳ್ಳುವ ಕಡೆ ಹೋಗಬೇಡಿ.

ಶಿರಸಿ: ಕೊನೆಗೆ ಎಲ್ಲವೂ ಆಪರೇಷನ್ನಿಗೇ ಬಂದು ನಿಲ್ಲುತ್ತದೆ.

ಮೈಸೂರು: ನೀವು ಆ ಸಂದೇಶವನ್ನು ಇನ್ನೂ ಅಳಿಸಿಲ್ಲ.

ಕಲಬುರಗಿ: ಮೇಡಂ, ಎರಡನೆಯ ಸಲ ಕೇಳುತ್ತಿದ್ದೇನೆ. ನೋವು ಹೆಚ್ಚಾಗಿದೆ, ತಲೆ ಸುತ್ತುತ್ತಿದೆ, ಭುಜದ ತುದಿಯೂ ನೋಯುತ್ತಿದೆ. ಒಂದು ನೋವಿನ ಮಾತ್ರೆ ತೆಗೆದುಕೊಂಡು ಮಲಗಲೇ?

ವೈದ್ಯೆ: ಮಲಗಬೇಡಿ. ಈಗಲೇ ಹೊರಡಿ. ನಾಳದಲ್ಲೇ ಗರ್ಭ ನಿಂತು ಒಡೆದು ಒಳಗೆ ರಕ್ತ ಸೋರುತ್ತಿರಬಹುದು, ಭುಜದ ನೋವು ಅದರ ಸೂಚನೆ. 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಮತ್ತು ರಕ್ತ ಎರಡೂ ಸಿಗುವ ಆಸ್ಪತ್ರೆಗೇ ಹೋಗಿ, ಸಣ್ಣ ಕ್ಲಿನಿಕ್ ಬೇಡ. ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಬಾಗಿಲಲ್ಲೇ ಹೇಳಿ: ಮೂತ್ರ ಪರೀಕ್ಷೆ ಪಾಸಿಟಿವ್, ಒಂದು ನಾಳ ಮುಚ್ಚಿದೆ, ಭುಜ ನೋಯುತ್ತಿದೆ. ನಿಮ್ಮ ಮೊದಲ ಪ್ರಶ್ನೆ ನನ್ನ ಕಣ್ಣಿಗೆ ಬೀಳಲಿಲ್ಲ, ಕ್ಷಮಿಸಿ. ಉಳಿದವರು ಇವರಿಂದ ಸುದ್ದಿ ಬರುವವರೆಗೆ ಇಲ್ಲಿ ಒಂದಕ್ಷರವನ್ನೂ ಬರೆಯಬೇಡಿ.

ಕಲಬುರಗಿ: ಅತ್ತೆಯವರು ಬೆಳಗಾಗಲಿ ಎನ್ನುತ್ತಿದ್ದಾರೆ.

ವೈದ್ಯೆ: ಫೋನನ್ನು ಅವರ ಕೈಗೆ ಕೊಡಿ, ನಿರ್ವಾಹಕಿಯವರು ಈಗ ನನ್ನಿಂದ ಕರೆ ಮಾಡಿಸುತ್ತಾರೆ. ಅಷ್ಟರಲ್ಲಿ ನೀವು ಚಪ್ಪಲಿ ಹಾಕಿಕೊಳ್ಳಿ, ತಾಯಿ.